ಸ್ವಿಚ್ ಮಾರುವ ಮುನ್ನ ಬೋರ್ಡ್ ಬಿಚ್ಚಿ ನೋಡಬೇಕು

ಆರ್ಥಿಕ ವರ್ಷದ ಅಂತ್ಯದ ದಾಸ್ತಾನು ಪರಿಶೀಲನೆಗಾಗಿ ನನ್ನ ಕಕ್ಷಿದಾರರಾದ ವಿದ್ಯುತ್ ಸಾಮಗ್ರಿಗಳ ವರ್ತಕರೊಬ್ಬರ ಮಳಿಗೆಗೆ ಹೋಗಿದ್ದೆ. ಹುಬ್ಬಳ್ಳಿಯಲ್ಲಿ ಎರಡು ತಲೆಮಾರಿನಿಂದ ಈ ವ್ಯಾಪಾರದಲ್ಲಿರುವ ಮನೆತನ ಅದು. ವೈರಿನ ಕಾಯಿಲ್‌ಗಳು, ಎಂಸಿಬಿಗಳು, ಫ್ಯಾನುಗಳು ಎಲ್ಲವೂ ಪುಸ್ತಕದೊಡನೆ ಸರಿಹೊಂದಿದವು. ಗೋದಾಮಿನ ಒಂದು ಕಪಾಟಿನಲ್ಲಿ ಮಾತ್ರ, ಒಮ್ಮೆ ತೆರೆದು ಮತ್ತೆ ಟೇಪ್ ಅಂಟಿಸಿದ ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಪೆಟ್ಟಿಗೆಗಳು ಕಂಡುಬಂದವು. ಏನೆಂದು ವಿಚಾರಿಸಿದೆ. "ಸ್ಮಾರ್ಟ್ ಸ್ವಿಚ್ಚುಗಳು ಸರ್. ಗಿರಾಕಿಗಳು ವಾಪಸ್ ತಂದದ್ದು. ಕಂಪನಿಯವರು ತೊಗೊಳ್ಳೋದಿಲ್ಲ, ಇನ್ನೊಬ್ಬರಿಗೆ ಮಾರೋ ಹಾಗಿಲ್ಲ. ಇವು ಲೆಕ್ಕಕ್ಕುಂಟು, ಆಟಕ್ಕಿಲ್ಲ" ಎಂದು ಅವರು ನಕ್ಕರು. ಅವುಗಳಲ್ಲಿ ಕೆಟ್ಟುಹೋದವು ಎಷ್ಟು ಎಂದು ಕೇಳಿದಾಗ ಬಂದ ಉತ್ತರವೇ ಈ ಲೇಖನಕ್ಕೆ ಕಾರಣ: "ಕೆಟ್ಟದ್ದು ಒಂದೋ ಎರಡೋ ಇರಬಹುದು. ಉಳಿದದ್ದೆಲ್ಲ ಚಲೋನೇ ಇದಾವೆ. ಅವರವರ ಮನೆ ವೈರಿಂಗಿಗೆ ಹೊಂದಲಿಲ್ಲ, ಅಷ್ಟೇ."

ದೋಷವಿಲ್ಲದ ಸರಕು ದೋಷದ ಹೆಸರಿನಲ್ಲಿ ಹಿಂದಿರುಗಿ ಬರುವುದು ವ್ಯಾಪಾರದಲ್ಲಿ ಅತ್ಯಂತ ದುಬಾರಿಯಾದ ಸಂಗತಿ. ಸರಕು ಕೆಟ್ಟಿದ್ದರೆ ತಯಾರಕರ ಮೇಲೆ ಹಕ್ಕು ಸಾಧಿಸಬಹುದು. ಸರಕು ಸರಿಯಿದ್ದು ಅದನ್ನು ಅಳವಡಿಸಿದ ಜಾಗ ಸರಿಯಿಲ್ಲದಿದ್ದರೆ ನಷ್ಟವನ್ನು ಹೊರುವವರು ಯಾರು? ಮೊಬೈಲ್ ದೂರವಾಣಿಯಿಂದ ಅಥವಾ ಧ್ವನಿಯಿಂದ ದೀಪ ಹೊತ್ತಿಸುವ ಈ ಸ್ವಿಚ್ಚುಗಳನ್ನು ನಮ್ಮ ಅನೇಕ ಸದಸ್ಯರು ಮಾರುತ್ತಿದ್ದಾರೆ, ಕೆಲವರು ತಯಾರಿಸುತ್ತಲೂ ಇದ್ದಾರೆ. ನಾನು ವಿದ್ಯುತ್ ತಂತ್ರಜ್ಞನಲ್ಲ, ವಾಣಿಜ್ಯ ಪದವೀಧರ. ಆದರೆ ಇದೇ ಸ್ವಿಚ್ಚಿನಿಂದ ನನ್ನ ಸ್ವಂತ ಮನೆಯಲ್ಲಿ ಪಾಠ ಕಲಿತವನಾದ್ದರಿಂದ ಕೆಲವು ಮಾತುಗಳನ್ನು ವರ್ತಕ ಮಿತ್ರರ ಮುಂದಿಡುವ ಧೈರ್ಯ ಮಾಡಿದ್ದೇನೆ.

ನನ್ನ ಮನೆಯ ನೆಲಮಹಡಿಯನ್ನು 1994ರಲ್ಲಿ ಕಟ್ಟಿಸಿದ್ದು, ಮೇಲಿನ ಮಹಡಿಯನ್ನು 2011ರಲ್ಲಿ. ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್ ಇವೆ. ತಾಯಿಯವರಿಗೆ ಮೊಣಕಾಲು ನೋವು. ಸಂಜೆಯಾಗುತ್ತಲೇ ಮೆಟ್ಟಿಲ ದೀಪ ತಾನಾಗಿಯೇ ಹೊತ್ತಿಕೊಂಡರೆ ಅನುಕೂಲವೆಂದು ಮಗ ಒಂದು ಸ್ಮಾರ್ಟ್ ಸ್ವಿಚ್ ತಂದ. ಬೆಲೆ 1,450 ರೂಪಾಯಿ. ಅಂಗಡಿಯಲ್ಲಿ ಮನೆಯ ವೈರಿಂಗಿನ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂಗಡಿಯವರೇ ಕಳುಹಿಸಿದ ಎಲೆಕ್ಟ್ರಿಷಿಯನ್ ಮಹಾಶಯರು 300 ರೂಪಾಯಿಗೆ ಅರ್ಧ ಗಂಟೆಯಲ್ಲಿ ಮೇಲಿನ ಸ್ವಿಚ್ಚನ್ನು ತೆಗೆದು ಹೊಸದನ್ನು ಕೂರಿಸಿದರು.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಟೂ ವೇ ಜೋಡಣೆಯ ಮರ್ಮವನ್ನು ಸ್ವಲ್ಪ ತಿಳಿಯಬೇಕು. ಕೆಳಗಿನ ಸ್ವಿಚ್ಚಿಗೆ ಫೇಸ್ ಬರುತ್ತದೆ. ಮೇಲಿನ ಸ್ವಿಚ್ಚಿನಿಂದ ದೀಪಕ್ಕೆ ತಂತಿ ಹೋಗುತ್ತದೆ. ಇವೆರಡರ ನಡುವೆ ಎರಡು ತಂತಿಗಳು ಓಡಾಡುತ್ತವೆ. ಎರಡೂ ಸ್ವಿಚ್ಚುಗಳು ಒಂದೇ ತಂತಿಯ ಕಡೆಗೆ ವಾಲಿದ್ದರೆ ದೀಪ ಉರಿಯುತ್ತದೆ, ಬೇರೆ ಬೇರೆ ತಂತಿಯ ಕಡೆಗೆ ವಾಲಿದ್ದರೆ ಆರುತ್ತದೆ. ಸಾಮಾನ್ಯ ಸ್ವಿಚ್ಚಿಗೆ ಇಷ್ಟೇ ಸಾಕು. ಆದರೆ ಸ್ಮಾರ್ಟ್ ಸ್ವಿಚ್ಚಿನೊಳಗೆ ಸದಾ ಎಚ್ಚರವಾಗಿರುವ ಒಂದು ಪುಟ್ಟ ಯಂತ್ರವಿದೆ. ದೀಪ ಆರಿರುವಾಗಲೂ ಅದಕ್ಕೆ ಹಗಲಿರುಳು ವಿದ್ಯುತ್ ಬೇಕು. ಆದುದರಿಂದ ನಿರಂತರವಾದ ಫೇಸ್ ಮತ್ತು ಒಂದು ನ್ಯೂಟ್ರಲ್ ಎರಡೂ ಆ ಜಾಗದಲ್ಲಿ ದೊರೆಯಬೇಕು. ನಮ್ಮ ಮೇಲಿನ ಮೆಟ್ಟಿಲ ಬೋರ್ಡಿನಲ್ಲಿ ಎರಡೂ ಇರಲಿಲ್ಲ. ಹಳೆಯ ವೈರಿಂಗಿನಲ್ಲಿ ನ್ಯೂಟ್ರಲ್ ನೇರವಾಗಿ ದೀಪಕ್ಕೆ ಹೋಗುತ್ತದೆಯೇ ಹೊರತು ಸ್ವಿಚ್ಚಿನ ಹತ್ತಿರ ಸುಳಿಯುವುದಿಲ್ಲ. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಸಿಗುವುದು ಸಾಕೆಟ್ಟಿನ ಪುಣ್ಯದಿಂದ. ಬರೀ ಸ್ವಿಚ್ ಇರುವ ಬೋರ್ಡಿನಲ್ಲಿ ಆ ಭಾಗ್ಯವಿಲ್ಲ.

ಎಲೆಕ್ಟ್ರಿಷಿಯನ್ ಮಹಾಶಯರು ಪಕ್ಕದ ಮಲಗುವ ಕೋಣೆಯ ಬೋರ್ಡಿನಿಂದ ಫೇಸನ್ನೂ ನ್ಯೂಟ್ರಲನ್ನೂ ಎಳೆದುಕೊಂಡರು. ಆ ಕೋಣೆ 2011ರ ಹೊಸ ವೈರಿಂಗಿಗೆ ಸೇರಿದ್ದು, ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ರಕ್ಷಣೆಯಿದೆ. ದೀಪದ ನ್ಯೂಟ್ರಲ್ ಮಾತ್ರ 1994ರ ಹಳೆಯ ಸರ್ಕ್ಯೂಟಿನಲ್ಲೇ ಉಳಿಯಿತು. ಆರ್‌ಸಿಸಿಬಿ ಮಾಡುವ ಕೆಲಸ ನಮ್ಮ ವೃತ್ತಿಯವರಿಗೆ ಸುಲಭವಾಗಿ ಅರ್ಥವಾಗತಕ್ಕದ್ದು: ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಅಷ್ಟೇ ಮರಳಿ ಬಂದಿತೇ ಎಂದು ತಾಳೆ ನೋಡುವುದು. ವ್ಯತ್ಯಾಸ ಬಂದರೆ ಎಲ್ಲಿಯೋ ಸೋರಿದೆ, ಬಹುಶಃ ಮನುಷ್ಯನೊಬ್ಬನ ದೇಹದ ಮೂಲಕವೇ ಸೋರುತ್ತಿದೆ ಎಂದು ತಿಳಿದು ತಕ್ಷಣ ಸಂಪರ್ಕ ಕಡಿಯುತ್ತದೆ. 9 ವ್ಯಾಟಿನ ಎಲ್‌ಇಡಿ ದೀಪ 230 ವೋಲ್ಟಿನಲ್ಲಿ ಕಡೇಪಕ್ಷ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ. ಅದು ಹೊಸ ಸರ್ಕ್ಯೂಟಿನಿಂದ ಹೊರಟು ಹಳೆಯ ಸರ್ಕ್ಯೂಟಿನಲ್ಲಿ ಮರಳಿದರೆ ಖರ್ಚು ಒಂದು ಪುಸ್ತಕದಲ್ಲಿ, ಜಮಾ ಇನ್ನೊಂದು ಪುಸ್ತಕದಲ್ಲಿ. ಮೆಟ್ಟಿಲ ದೀಪ ಹೊತ್ತಿದೊಡನೆ ಮೇಲಿನ ಮಹಡಿಯೆಲ್ಲ ಕತ್ತಲಾಯಿತು.

ಇದಕ್ಕೆ ಆ ಮಹಾಶಯರು ಕಂಡುಕೊಂಡ ಪರಿಹಾರ ನನಗೆ ನಾಲ್ಕು ತಿಂಗಳ ನಂತರವಷ್ಟೇ ತಿಳಿಯಿತು. ಗೀಸರ್ ದುರಸ್ತಿಗೆಂದು ಬಂದ ಬೇರೊಬ್ಬ ಹಿರಿಯ ವೈರ್‌ಮನ್ ಮೀಟರ್ ಪಕ್ಕದ ಪೆಟ್ಟಿಗೆ ತೆರೆದು, "ಏನ್ರೀ, ಆರ್‌ಸಿಸಿಬಿ ಬೈಪಾಸ್ ಮಾಡಿಸಿದ್ದೀರಿ?" ಎಂದು ಕೇಳಿದರು. ತಂತಿಗಳನ್ನು ಅದರೊಳಗೆ ಹಾಯಿಸದೆ ನೇರವಾಗಿ ಜೋಡಿಸಲಾಗಿತ್ತು. ಲೆಕ್ಕ ತಾಳೆಯಾಗುತ್ತಿಲ್ಲವೆಂದು ಆಕ್ಷೇಪ ಎತ್ತಿದ ಲೆಕ್ಕಪರಿಶೋಧಕನನ್ನೇ ಕೆಲಸದಿಂದ ತೆಗೆದಂತೆ! ನಾಲ್ಕು ತಿಂಗಳ ಕಾಲ ನನ್ನ ತಾಯಿ, ಹೆಂಡತಿ, ಮಕ್ಕಳು ಆ ಮಹಡಿಯ ಸ್ನಾನದ ಕೋಣೆಯಲ್ಲಿ ಯಾವ ರಕ್ಷಣೆಯೂ ಇಲ್ಲದ ಗೀಸರನ್ನು ಬಳಸಿದ್ದರು. ಅನಾಹುತವೇನೂ ಆಗಲಿಲ್ಲ, ದೇವರ ದಯೆ. ಆದರೆ ಆ ದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ ಎಂಬುದನ್ನು ಮರೆಮಾಚುವುದಿಲ್ಲ.

ಹಿರಿಯ ವೈರ್‌ಮನ್ ಮಾಡಿದ್ದಾದರೂ ಏನು? ಮೇಲಿನ ಬೋರ್ಡಿನಲ್ಲಿ ಹಳೆಯ ಸ್ವಿಚ್ಚನ್ನೇ ಮರಳಿ ಕೂರಿಸಿದರು. ಪಕ್ಕದಲ್ಲಿ ಸಾಕೆಟ್ ಇದ್ದುದರಿಂದ ದೀಪದ ಸರ್ಕ್ಯೂಟಿನದೇ ಫೇಸ್ ಮತ್ತು ನ್ಯೂಟ್ರಲ್ ಎರಡೂ ದೊರೆಯುವ ಕೆಳಗಿನ ಬೋರ್ಡಿನ ಹಿಂದೆ, ಸ್ವಿಚ್ಚಿನ ಬದಲು ಒಂದು ಚಿಕ್ಕ ರಿಲೇ ಮಾಡ್ಯೂಲನ್ನು ಇಟ್ಟರು. ಮೆಟ್ಟಿಲ ಪೈಪಿನಲ್ಲಿ ಹೆಚ್ಚುವರಿ ತಂತಿ ಎಳೆದರು. ಈಗ ಎರಡೂ ಹಳೆಯ ಸ್ವಿಚ್ಚುಗಳು ದೀಪಕ್ಕೆ ನೇರವಾಗಿ ವಿದ್ಯುತ್ ಕೊಡುವುದಿಲ್ಲ, ಮಾಡ್ಯೂಲಿಗೆ ಸೂಚನೆಯನ್ನಷ್ಟೇ ಕೊಡುತ್ತವೆ. ಯಾವುದನ್ನು ಒತ್ತಿದರೂ ದೀಪದ ಸ್ಥಿತಿ ಬದಲಾಗುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಕೈಯಿಂದ ಹೊತ್ತಿಸಬಹುದು. ಅರ್ಧ ದಿನದ ಕೆಲಸಕ್ಕೆ ಅವರು ಪಡೆದದ್ದು 1,800 ರೂಪಾಯಿ, ತಂತಿ ಮತ್ತು ಮಾಡ್ಯೂಲಿನ ಬೆಲೆ ಬೇರೆ. ಮೊದಲ ಸ್ವಿಚ್ಚಿನ ಬೆಲೆಗಿಂತ ಕೂಲಿಯೇ ಹೆಚ್ಚು. ಮೊದಲ ದಿನವೇ ಇಷ್ಟು ಖರ್ಚಾಗುವುದೆಂದು ಯಾರಾದರೂ ಹೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆ, ಅಥವಾ ಬೇಡವೆಂದು ಬಿಡುತ್ತಿದ್ದೆ. ಎರಡೂ ನನ್ನ ಆಯ್ಕೆಯಾಗಿರುತ್ತಿದ್ದವು.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. ನಮ್ಮ ಮನೆಗಳ ಸ್ವಿಚ್‌ಬೋರ್ಡೇ ಬೇರೆ ಬಗೆಯದು. ಒಂದೇ ಬೋರ್ಡಿನಲ್ಲಿ ನಾಲ್ಕರಿಂದ ಎಂಟು ಸ್ವಿಚ್ಚುಗಳು, ಫ್ಯಾನ್ ರೆಗ್ಯುಲೇಟರ್, ಸಾಕೆಟ್ ಎಲ್ಲವೂ ಒತ್ತೊತ್ತಾಗಿ ಕುಳಿತಿರುತ್ತವೆ. ಇನ್ವರ್ಟರಿನಿಂದ ಬರುವ ಫೇಸ್ ಒಂದು, ನೇರ ವಿದ್ಯುತ್ತಿನ ಫೇಸ್ ಇನ್ನೊಂದು. ಹಿಂದಿನ ಪೆಟ್ಟಿಗೆ ಆಗಲೇ ತಂತಿಗಳಿಂದ ತುಂಬಿರುತ್ತದೆ. ಮಾಡ್ಯೂಲ್ ತುರುಕಿದರೆ ಪ್ಲೇಟ್ ಮುಚ್ಚುವುದಿಲ್ಲ. ಅಮೆರಿಕದ ಮಾರುಕಟ್ಟೆಗೆಂದು ಬರೆದ ಸೂಚನಾಪತ್ರ ಪೆಟ್ಟಿಗೆಯಲ್ಲಿದ್ದರಂತೂ ಇನ್ನೊಂದು ಗೊಂದಲ. ನಾವು ಟೂ ವೇ ಎನ್ನುವುದನ್ನು ಅಲ್ಲಿನವರು ತ್ರೀ ವೇ ಎನ್ನುತ್ತಾರೆ. ಅವರು ಎಣಿಸುವುದು ಸ್ವಿಚ್ಚಿನ ತಿರುಪುಗಳನ್ನು, ನಾವು ಎಣಿಸುವುದು ದಾರಿಗಳನ್ನು. ಸೂಚನಾಪತ್ರ ಓದಿದ ಎಲೆಕ್ಟ್ರಿಷಿಯನ್ ಮೂರು ಕಡೆಯಿಂದ ನಿಯಂತ್ರಿಸುವ ಸ್ವಿಚ್ ಇದೆಂದು ಭಾವಿಸಿದರೆ ತಪ್ಪು ಅವನದಲ್ಲ.

ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚುಗಳೂ ಮಾರುಕಟ್ಟೆಯಲ್ಲಿವೆ ಎಂದು ಕೆಲವು ವರ್ತಕರು ಹೇಳಬಹುದು. ನಿಜ. ಅವು ತಮಗೆ ಬೇಕಾದ ಅಲ್ಪ ವಿದ್ಯುತ್ತನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತವೆ. ಹಳೆಯ 60 ವ್ಯಾಟಿನ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಚಿಕ್ಕ ಎಲ್‌ಇಡಿ ದೀಪವಾದರೆ ಆರಿಸಿದ ಮೇಲೂ ಮಿಣುಕುತ್ತದೆ, ಇಲ್ಲವೇ ರಾತ್ರಿಯೆಲ್ಲ ಮಂಕಾಗಿ ಉರಿಯುತ್ತದೆ. ಇದಕ್ಕೆ ದೀಪದ ಬಳಿ ಒಂದು ಕೆಪಾಸಿಟರ್ ಜೋಡಿಸುವ ಉಪಾಯವಿದೆ, ಅನೇಕ ತಯಾರಕರು ಪೆಟ್ಟಿಗೆಯಲ್ಲೇ ಅದನ್ನು ಇಟ್ಟಿರುತ್ತಾರೆ. ಅದನ್ನು ಸೂಟು ಬಟನ್ನಿನ ಹೆಚ್ಚುವರಿ ಗುಂಡಿಯೆಂಬಂತೆ ಎಸೆದುಬಿಡುವ ಎಲೆಕ್ಟ್ರಿಷಿಯನ್‌ಗಳನ್ನು ನಾನು ಕಂಡಿದ್ದೇನೆ.

ಈಗ ನನಗೆ ತಿಳಿದ ವಿಷಯಕ್ಕೆ, ಅಂದರೆ ಲೆಕ್ಕಕ್ಕೆ ಬರೋಣ. ತೆರಿಗೆ ಬಿಟ್ಟು 1,000 ರೂಪಾಯಿಗೆ ಕೊಂಡ ಸ್ವಿಚ್ಚನ್ನು ವರ್ತಕರು 1,200ಕ್ಕೆ ಮಾರುತ್ತಾರೆ ಎಂದು ಭಾವಿಸೋಣ. ಹತ್ತು ಮಾರಿದರೆ 2,000 ರೂಪಾಯಿ ಲಾಭ. ಅವುಗಳಲ್ಲಿ ಎರಡು ಮರಳಿ ಬಂದು, ಹಣ ಹಿಂದಿರುಗಿಸಿ, ತಯಾರಕರು ಅವನ್ನು ಸ್ವೀಕರಿಸದಿದ್ದರೆ, ಕೈಗೆ ಬಂದದ್ದು 9,600, ಕೊಂಡದ್ದು 10,000. ಲಾಭವೆಲ್ಲ ಹೋಗಿ 400 ರೂಪಾಯಿ ನಷ್ಟ. ಇಲ್ಲಿಗೇ ಮುಗಿಯಲಿಲ್ಲ. ಆ ಎರಡನ್ನು ಲೆಕ್ಕದಿಂದ ಬರೆದುಹಾಕಿದರೆ, ಸಿಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನ ಪ್ರಕಾರ ಅವುಗಳ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಶೇಕಡಾ 18ರಂತೆ ಅದು 360 ರೂಪಾಯಿ. ಒಟ್ಟು ನಷ್ಟ 760. ಬರೆದುಹಾಕದೆ ದಾಸ್ತಾನಿನಲ್ಲೇ ಪೂರ್ಣ ಬೆಲೆಗೆ ತೋರಿಸುತ್ತ ಹೋದರೆ? ಹಾಗೆ ಮಾಡುವವರೇ ಹೆಚ್ಚು. ನನ್ನ ಕಕ್ಷಿದಾರರೂ ಅದನ್ನೇ ಮಾಡಿದ್ದರು. ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಿದರೆ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ನಿಯಮ. ಇಲ್ಲದ ಲಾಭವನ್ನು ತೋರಿಸಿ ಅದರ ಮೇಲೆ ಆದಾಯ ತೆರಿಗೆ ಕಟ್ಟುವುದು ದಾನವೂ ಅಲ್ಲ, ಧರ್ಮವೂ ಅಲ್ಲ.

ಗಿರಾಕಿಗೆ ಹಣ ಮರಳಿಸುವಾಗ ಕ್ರೆಡಿಟ್ ನೋಟ್ ಕೊಡದೆ ಡ್ರಾಯರಿನಿಂದ ನೋಟು ತೆಗೆದುಕೊಟ್ಟು ಕೈತೊಳೆದುಕೊಳ್ಳುವ ರೂಢಿಯೂ ಇದೆ. 34ನೇ ಕಲಮಿನಂತೆ ಕ್ರೆಡಿಟ್ ನೋಟನ್ನು, ಮಾರಾಟವಾದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ರಿಟರ್ನಿನಲ್ಲಿ ತೋರಿಸದಿದ್ದರೆ ಕಟ್ಟಿದ ತೆರಿಗೆ ಕಟ್ಟಿದಂತೆಯೇ.

"ನಾವು ಸರಕು ಮಾರುವವರು, ವೈರಿಂಗ್ ಗಿರಾಕಿಯ ಪಾಡು" ಎಂಬ ವಾದವನ್ನು ಹಲವು ಸದಸ್ಯರ ಬಾಯಲ್ಲಿ ಕೇಳಿದ್ದೇನೆ. ಹಿಂದೆ ಈ ಮಾತು ನಡೆಯುತ್ತಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಅದರ 86ನೇ ಕಲಮು ತಯಾರಕನಲ್ಲದ ಮಾರಾಟಗಾರನನ್ನೂ ಕೆಲವು ಸಂದರ್ಭಗಳಲ್ಲಿ ಹೊಣೆಗಾರನನ್ನಾಗಿ ಮಾಡುತ್ತದೆ: ತಯಾರಕನ ಭರವಸೆಯ ಹೊರತಾಗಿ ತಾನೇ ಪ್ರತ್ಯೇಕ ಭರವಸೆ ಕೊಟ್ಟಿದ್ದರೆ, ಜೋಡಣೆ ಅಥವಾ ಪರಿಶೀಲನೆಯಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ, ಅಪಾಯ ಮತ್ತು ಸರಿಯಾದ ಬಳಕೆಯ ಕುರಿತು ತಯಾರಕ ಕೊಟ್ಟ ಎಚ್ಚರಿಕೆ, ಸೂಚನೆಗಳನ್ನು ಗಿರಾಕಿಗೆ ದಾಟಿಸದಿದ್ದರೆ. "ಯಾವ ಮನೆಗಾದರೂ ಕೂಡುತ್ತದೆ, ತೊಗೊಳ್ಳಿ" ಎಂಬ ಒಂದು ಮಾತು ಗಲ್ಲಾಪೆಟ್ಟಿಗೆಯ ಬಳಿ ಎಷ್ಟು ಸಲೀಸಾಗಿ ಬರುತ್ತದೆಂದು ನಮಗೆಲ್ಲ ಗೊತ್ತು. ಅಂಗಡಿಯ ಹೆಸರಿನಲ್ಲಿ ಕಳುಹಿಸಿದ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿ ಬೈಪಾಸ್ ಮಾಡಿ ಬಂದರೆ, ಅದನ್ನು ನ್ಯಾಯಪೀಠದ ಮುಂದೆ ಸಮರ್ಥಿಸಿಕೊಳ್ಳುವ ವಕೀಲರನ್ನು ನಾನಂತೂ ಕಂಡಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಸ್ಮಾರ್ಟ್ ಸ್ವಿಚ್ಚನ್ನು ಪೆಟ್ಟಿಗೆಯ ಸರಕಾಗಿ ಮಾರುವುದನ್ನು ನಿಲ್ಲಿಸಿ, ವೈರಿಂಗ್ ಕೆಲಸವಾಗಿ ಮಾರಬೇಕು. ಬಿಲ್ ಬರೆಯುವ ಮುನ್ನ ಬೋರ್ಡ್ ಬಿಚ್ಚಿ ನೋಡಬೇಕು. ನೋಡಲು ಹೋಗುವವರು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯುಳ್ಳವರಾಗಿರಬೇಕು. ಪರಿಶೀಲನೆಗೆ ಪ್ರತ್ಯೇಕ ಶುಲ್ಕ ಪಡೆಯುವುದರಲ್ಲಿ ಸಂಕೋಚವೇಕೆ? ವೈದ್ಯರು ಔಷಧ ಬರೆಯುವ ಮುನ್ನ ನಾಡಿ ನೋಡಿದ್ದಕ್ಕೂ ಹಣ ಪಡೆಯುವುದಿಲ್ಲವೇ. ಎಷ್ಟೋ ಸಂದರ್ಭಗಳಲ್ಲಿ ನೋಡಿ ಬಂದು "ಈ ಬೋರ್ಡಿಗೆ ಬೇಡ" ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದ ಅಂಗಡಿಗೆ ಆ ಗಿರಾಕಿ ಮುಂದೆ ಮಗಳ ಮನೆಯ ವೈರಿಂಗ್ ಸಾಮಾನಿಗೂ ಬರುತ್ತಾನೆ.

ಇಲ್ಲಿ ಚಿಕ್ಕ ವರ್ತಕರಿಗೆ ಒಂದು ಎಚ್ಚರಿಕೆ. ಸ್ವಿಚ್ಚಿಗೂ ಅಳವಡಿಕೆ ಸೇವೆಗೂ ತೆರಿಗೆ ದರ ಶೇಕಡಾ 18 ಆದುದರಿಂದ ಸಾಮಾನ್ಯ ನೋಂದಣಿಯವರಿಗೆ ದರದಲ್ಲಿ ವ್ಯತ್ಯಾಸವಿಲ್ಲ. ಆದರೆ ಕಾಂಪೊಸಿಷನ್ ಯೋಜನೆಯಲ್ಲಿರುವ ವರ್ತಕರು ಹಿಂದಿನ ವರ್ಷದ ವಹಿವಾಟಿನ ಶೇಕಡಾ 10 ಅಥವಾ 5 ಲಕ್ಷ ರೂಪಾಯಿ, ಇವುಗಳಲ್ಲಿ ಹೆಚ್ಚಿನದನ್ನು ಮೀರಿ ಸೇವೆ ಒದಗಿಸುವಂತಿಲ್ಲ. ಅಳವಡಿಕೆಯ ವ್ಯಾಪಾರ ಬೆಳೆದಂತೆ ಈ ಗೆರೆಯನ್ನು ಗಮನಿಸುತ್ತಿರಬೇಕು.

ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಈ ಸ್ವಿಚ್ಚನ್ನು ಮಾರುವುದರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1 ವ್ಯಾಟ್ ಬಳಸುವ ಉಪಕರಣ ವರ್ಷವಿಡೀ ಎಚ್ಚರವಾಗಿದ್ದರೆ 8.76 ಯೂನಿಟ್ ಖರ್ಚಾಗುತ್ತದೆ. 9 ವ್ಯಾಟಿನ ದೀಪವನ್ನು ದಿನಕ್ಕೆ ಎರಡು ಗಂಟೆ ಮರೆತು ಉರಿಯಬಿಟ್ಟರೂ ವರ್ಷಕ್ಕೆ 6.57 ಯೂನಿಟ್ ಮಾತ್ರ. ಅಂದರೆ ಕಾವಲುಗಾರನ ಸಂಬಳ ಕಳ್ಳತನದ ಮೊತ್ತಕ್ಕಿಂತ ಹೆಚ್ಚಾಯಿತು. ಮೇಲಾಗಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ, ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಗರಿಷ್ಠ 200 ಯೂನಿಟ್‌ವರೆಗೆ ಉಚಿತವೆಂದು ನಿಗದಿಯಾದ ಮೇಲೆ, ಶೂನ್ಯ ಬಿಲ್ ಪಡೆಯುವ ಮನೆಗೆ ಉಳಿತಾಯದ ಆಸೆ ತೋರಿಸುವುದೇ ಅಸಂಬದ್ಧ. 2,000 ವ್ಯಾಟಿನ ಗೀಸರಿನ ಮಾತು ಬೇರೆ. ದಿನಕ್ಕೆ ಅರ್ಧ ಗಂಟೆ ಮರೆತರೆ ವರ್ಷಕ್ಕೆ 365 ಯೂನಿಟ್. ಅಲ್ಲಿ ತಾನಾಗಿ ಆರುವ ಸ್ವಿಚ್ ನಿಜಕ್ಕೂ ಲಾಭದಾಯಕ, ಆದರೆ ದೀಪಕ್ಕೆಂದು ಮಾಡಿದ ಚಿಕ್ಕ ಮಾಡ್ಯೂಲನ್ನು ಗೀಸರಿಗೆ ಜೋಡಿಸಿದರೆ ಅದು ಸುಟ್ಟು ಕರಕಲಾದೀತು. ದೀಪದ ಸ್ವಿಚ್ಚನ್ನು ಅನುಕೂಲಕ್ಕಾಗಿ ಮಾರಿ. ನನ್ನ ತಾಯಿಯಂತಹ ವಯಸ್ಸಾದವರಿಗೆ ಆ ಅನುಕೂಲದ ಬೆಲೆ ಯೂನಿಟ್ಟಿನಲ್ಲಿ ಅಳೆಯುವಂಥದಲ್ಲ.

ಕೊಳ್ಳುವಾಗಲೂ ವಿವೇಚನೆ ಬೇಕು. ಅಮೆರಿಕದ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಸ್ವಿಚ್ ಕಂಪನಿ 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯಿಲ್ಲದೆ ತನ್ನ ಸರ್ವರ್‌ಗಳನ್ನು ಮುಚ್ಚಿತು. ಕೊಂಡವರ ಮನೆಯ ಅಪ್ಲಿಕೇಶನ್‌ಗಳು ಒಂದೇ ದಿನದಲ್ಲಿ ಮೂಕವಾದವು. ಬಳಕೆದಾರರ ಗುಂಪೊಂದು ಅದನ್ನು ಕೊಂಡು ಮತ್ತೆ ನಡೆಸಿದ್ದು ಅವರ ಅದೃಷ್ಟ. ಬೆಲ್ಕಿನ್ ಸಂಸ್ಥೆಯು ತನ್ನ ಬಹುತೇಕ ವೀಮೋ ಉಪಕರಣಗಳಿಗೆ 2026ರ ಜನವರಿ 31ರಂದು ಬೆಂಬಲ ನಿಲ್ಲಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಅಷ್ಟು ದೊಡ್ಡ ಸಂಸ್ಥೆಯೇ ಹೀಗಿರುವಾಗ, ಹೆಸರೇ ಕೇಳದ ಬ್ರ್ಯಾಂಡಿನ ನೂರು ಪೆಟ್ಟಿಗೆಗಳನ್ನು ರಿಯಾಯಿತಿಗೆ ಮರುಳಾಗಿ ತುಂಬಿಸಿಕೊಳ್ಳುವ ಮುನ್ನ ಯೋಚಿಸಬೇಕು. ಆಮದಾದ ನಿಸ್ತಂತು ಉಪಕರಣವಾದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನುಮೋದನೆ ಇದೆಯೇ ಎಂದು ಪೂರೈಕೆದಾರರಿಂದ ಬರಹದಲ್ಲಿ ಪಡೆದುಕೊಳ್ಳುವುದು ಕ್ಷೇಮ.

ತಯಾರಕ ಸದಸ್ಯರಿಗೆ ಇದರಲ್ಲಿ ಅವಕಾಶವಿದೆ ಎಂದೇ ನನ್ನ ಭಾವನೆ. ಗೋಡೆಯಲ್ಲಿ ಹೂಳುವ ಪೆಟ್ಟಿಗೆಯನ್ನು ಸ್ವಲ್ಪ ಆಳವಾಗಿ ಮಾಡಿದರೆ ಮಾಡ್ಯೂಲಿಗೆ ಜಾಗ ಸಿಗುತ್ತದೆ. ಅಚ್ಚು ಬದಲಿಸುವ ಖರ್ಚು ಒಮ್ಮೆ ಮಾತ್ರ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 2011ರ ಆವೃತ್ತಿಯು, ಕೆಲವು ವಿನಾಯಿತಿಗಳೊಡನೆ, ದೀಪದ ಸ್ವಿಚ್ ಇರುವಲ್ಲೆಲ್ಲ ನ್ಯೂಟ್ರಲ್ ಒದಗಿಸಬೇಕೆಂಬ ನಿಯಮವನ್ನು ಸೇರಿಸಿತು. ನಮ್ಮಲ್ಲಿ ಮನೆ ಕಟ್ಟುವವರು ಕಾನೂನಿಗಾಗಿ ಕಾಯಬೇಕಾಗಿಲ್ಲ; ಗೋಡೆ ಕೊರೆದು ಪೈಪ್ ಹಾಕುವಾಗಲೇ ಪ್ರತಿ ಬೋರ್ಡಿಗೂ ಅದರದೇ ಸರ್ಕ್ಯೂಟಿನ ನ್ಯೂಟ್ರಲ್ ಎಳೆದರೆ ಹೆಚ್ಚಿಗೆ ಬೇಕಾದದ್ದು ಕೆಲವು ಮೀಟರ್ ತಂತಿ. ಇನ್ನು ಪೆಟ್ಟಿಗೆಯೊಳಗೆ ಕನ್ನಡದಲ್ಲಿ, ನಮ್ಮ ಬೋರ್ಡಿನ ಚಿತ್ರದೊಡನೆ, ಟೂ ವೇ ಜೋಡಣೆಯನ್ನು ನಮ್ಮ ಮಾತಿನಲ್ಲಿ ವಿವರಿಸುವ ಒಂದು ಹಾಳೆ ಇಡುವ ತಯಾರಕರನ್ನು ನಾನಿನ್ನೂ ನೋಡಬೇಕಾಗಿದೆ. ಮೊದಲು ಇಟ್ಟವರ ಸರಕನ್ನು ಎಲೆಕ್ಟ್ರಿಷಿಯನ್‌ಗಳೇ ಶಿಫಾರಸು ಮಾಡುತ್ತಾರೆ.

ನಮ್ಮ ಸಂಸ್ಥೆಯ ಸಭಾಂಗಣದಲ್ಲಿ ತೆರಿಗೆ ಕುರಿತ ಕಾರ್ಯಾಗಾರಗಳು ನಡೆಯುತ್ತಲೇ ಇರುತ್ತವೆ, ಅವುಗಳಲ್ಲಿ ಮಾತನಾಡಿ ನಾನೂ ಸದಸ್ಯರ ನಿದ್ರೆಗೆ ಕಾರಣನಾಗಿದ್ದೇನೆ. ಒಂದು ಭಾನುವಾರ ನಗರದ ವೈರ್‌ಮನ್‌ಗಳನ್ನು ಕರೆದು, ನಿಜವಾದ ಎಂಟು ಸ್ವಿಚ್ಚಿನ ಬೋರ್ಡೊಂದನ್ನು ಮೇಜಿನ ಮೇಲಿಟ್ಟು ಈ ಜೋಡಣೆಯನ್ನು ತೋರಿಸುವ ಏರ್ಪಾಡು ಮಾಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ. ನನ್ನ ಮನೆಯ ಆರ್‌ಸಿಸಿಬಿಯನ್ನು ಮರಳಿ ಜೋಡಿಸಿದ ಹಿರಿಯರು ಬರಲು ಒಪ್ಪಿದ್ದಾರೆ.

ನನ್ನ ಕಕ್ಷಿದಾರರ ಅಂಗಡಿಯಲ್ಲಿ ಈಗ ಬಿಲ್ ಪುಸ್ತಕದ ಪಕ್ಕ ಒಂದು ರಟ್ಟಿನ ಹಲಗೆಯಿದೆ. ಮನೆ ಕಟ್ಟಿದ ವರ್ಷ ಯಾವುದು, ಈ ದೀಪಕ್ಕೆ ಎಷ್ಟು ಕಡೆ ಸ್ವಿಚ್ ಇದೆ, ಬೋರ್ಡಿನಲ್ಲಿ ಸಾಕೆಟ್ ಇದೆಯೇ, ಇನ್ವರ್ಟರ್ ಇದೆಯೇ, ಆರ್‌ಸಿಸಿಬಿ ಎಲ್ಲಿದೆ ಎಂಬ ಪ್ರಶ್ನೆಗಳನ್ನು ಅದರ ಮೇಲೆ ಬರೆದು ಅಂಟಿಸಿದ್ದಾರೆ. ಉತ್ತರ ಗೊತ್ತಿಲ್ಲದ ಗಿರಾಕಿಯ ಮನೆಗೆ ಮೊದಲು ವೈರ್‌ಮನ್ ಹೋಗುತ್ತಾರೆ, ಆಮೇಲೆ ಬಿಲ್. ಕಪಾಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸರಿಯಿದ್ದವನ್ನು ತೆರೆದ ಪೆಟ್ಟಿಗೆಯ ಮಾಲು ಎಂದು ಬಿಲ್ಲಿನಲ್ಲಿ ನಮೂದಿಸಿ ಅಸಲಿಗಿಂತ ಕಡಿಮೆ ಬೆಲೆಗೆ ಮಾರಿದ್ದಾಯಿತು. ಉಳಿದವನ್ನು ಆ ವರ್ಷದ ಲೆಕ್ಕದಲ್ಲೇ ಬರೆದುಹಾಕಿ, ತೆರಿಗೆ ಜಮೆಯನ್ನು ಹಿಂದಿರುಗಿಸಿದ್ದೇವೆ.